ಆಕಾಶದಿಂದ ಕ್ಯುಸೆಕ್ ಅಳೆಯಬಹುದೇ?

ಕೃಷ್ಣಾ ತೀರದ ಓದುಗರೊಬ್ಬರು ಬರೆದಿದ್ದಾರೆ: "ಈಗ ಉಪಗ್ರಹವೇ ನದಿ ಹರಿವನ್ನು ಅಳೆಯುತ್ತದಂತೆ. ನಮ್ಮ ಸೇತುವೆ ಕಂಬದ ಅಳತೆಪಟ್ಟಿಯ ಬಣ್ಣ ಮಾಸಿ ಅಂಕಿಯೇ ಕಾಣುವುದಿಲ್ಲ. ಇನ್ನು ಅದು ಬೇಕಾ?"

ಬೇಕು ಸ್ವಾಮಿ, ಖಂಡಿತ ಬೇಕು.

ಒಂದು ಕ್ಯುಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ, ಸುಮಾರು 28 ಲೀಟರ್ ನೀರು. ಅದನ್ನು ತಿಳಿಯಲು ನದಿಯ ಅಗಲ, ಆಳ, ವೇಗ ಮೂರೂ ಗೊತ್ತಿರಬೇಕು. ದೋಣಿಯಲ್ಲಿ ಹೋಗುವವರು ನದಿಗೆ ಅಡ್ಡಲಾಗಿ ಅಲ್ಲಲ್ಲಿ ನಿಂತು ಆಳ ನೋಡುತ್ತಾರೆ. ಪುಟ್ಟ ಬಟ್ಟಲುಗಳ ಚಕ್ರವನ್ನು ನೀರಿಗೆ ಇಳಿಸಿ, ಅದು ಎಷ್ಟು ಸುತ್ತು ತಿರುಗಿತು ಎಂದು ಎಣಿಸುತ್ತಾರೆ. ಹತ್ತು ಅಡಿ ನೀರಿದ್ದರೆ ಸಾಮಾನ್ಯವಾಗಿ ಮೇಲಿನಿಂದ ಆರು ಅಡಿ ಕೆಳಗೆ. ಅಲ್ಲಿ ಸಿಗುವ ವೇಗ ಆ ಜಾಗದ ಸರಾಸರಿಗೆ ಹತ್ತಿರ ಇರುತ್ತದೆ.

ಉಪಗ್ರಹ ನೀರಿಗೆ ಇಳಿಯುವುದಿಲ್ಲ, ಅಲ್ವಾ? 2022ರ ಡಿಸೆಂಬರ್‌ನಲ್ಲಿ ನಾಸಾ ಮತ್ತು ಫ್ರಾನ್ಸ್‌ನ ಬಾಹ್ಯಾಕಾಶ ಸಂಸ್ಥೆ ಸೇರಿ ಹಾರಿಸಿದ 'ಸ್ವಾಟ್' ಉಪಗ್ರಹದಲ್ಲಿ 10 ಮೀಟರ್ ಅಂತರದಲ್ಲಿ ಎರಡು ಆಂಟೆನಾ ಇವೆ. ನೀರಿಗೆ ಬಡಿದು ವಾಪಸ್ ಬರುವ ರೇಡಾರ್ ಅಲೆ ಎರಡಕ್ಕೂ ಒಂದೇ ಕ್ಷಣದಲ್ಲಿ ತಲುಪುವುದಿಲ್ಲ. ಆ ಚೂರು ವ್ಯತ್ಯಾಸದಿಂದಲೇ ನೀರಿನ ಎತ್ತರ ಸಿಗುತ್ತದೆ. ಜೊತೆಗೆ ನದಿಯ ಅಗಲ, ನೀರಿನ ಇಳಿಜಾರು ಕೂಡ. ಸುಮಾರು 890 ಕಿಲೋಮೀಟರ್ ಮೇಲಿನಿಂದ! ನನಗೆ ಇದು ಇವತ್ತಿಗೂ ಬೆರಗು.

ಆದರೆ ತಳ ಕಾಣುವುದಿಲ್ಲ. ಮರಳು ಎಷ್ಟು ತುಂಬಿದೆ, ಬಂಡೆ ಎಷ್ಟು ಒರಟು ಎಂಬುದನ್ನು ಲೆಕ್ಕದಿಂದ ಊಹಿಸಬೇಕು. ಅದಕ್ಕೆ ಬಳಸುವ ಸೂತ್ರ ಐರ್ಲೆಂಡಿನ ಎಂಜಿನಿಯರ್ ಮ್ಯಾನಿಂಗ್ 19ನೇ ಶತಮಾನದಲ್ಲಿ ಕೊಟ್ಟಿದ್ದು. ತಳದ ಊಹೆ ತಪ್ಪಿದರೆ ಕ್ಯುಸೆಕ್ ಲೆಕ್ಕವೂ ತಪ್ಪುತ್ತದೆ. ಇನ್ನೊಂದು ತೊಡಕು, ಸ್ವಾಟ್ ಅದೇ ದಾರಿಗೆ ಮರಳುವುದು 21 ದಿನಕ್ಕೊಮ್ಮೆ. ನಡುವೆ ನೆರೆ ಬಂದು ಇಳಿದೇ ಹೋಗಬಹುದು. 100 ಮೀಟರ್‌ಗಿಂತ ಕಿರಿದಾದ ಹೊಳೆಗಳಂತೂ ಅದಕ್ಕೆ ಕಷ್ಟ.

ಹಾಗಂತ ಸುಮ್ನೆ ತಳ್ಳಿಹಾಕುವಂತಿಲ್ಲ. ಬಾಂಗ್ಲಾದೇಶವನ್ನು ನೋಡಿ. ಅಲ್ಲಿನ ನದಿಗಳ ನೀರಿನಲ್ಲಿ ಶೇ. 90ಕ್ಕಿಂತ ಜಾಸ್ತಿ ಗಡಿಯಾಚೆಯಿಂದ ಬರುತ್ತದೆ. ಮೇಲೆ ಎಷ್ಟು ನೀರಿದೆ ಎಂದು ಗೊತ್ತಾಗುವಷ್ಟರಲ್ಲಿ ನೆರೆ ಬಾಗಿಲಿಗೆ ಬಂದಿರುತ್ತಿತ್ತು. ಜೇಸನ್-2 ಉಪಗ್ರಹ ಭಾರತದೊಳಗೆ ಬ್ರಹ್ಮಪುತ್ರೆ, ಗಂಗೆಯ ನೀರಿನ ಎತ್ತರ ಅಳೆಯತೊಡಗಿದ ಮೇಲೆ ಎಂಟು ದಿನ ಮೊದಲೇ ಮುನ್ಸೂಚನೆ ಕೊಡಲು ದಾರಿಯಾಯಿತು. ಎಂಟು ದಿನ ಸಿಕ್ಕರೆ ಬತ್ತ ಕೊಯ್ದು ಒಳಗಿಡಬಹುದು, ದನಗಳನ್ನು ದಿಬ್ಬಕ್ಕೆ ಸಾಗಿಸಬಹುದು.

ನಿಮ್ಮ ಪ್ರಶ್ನೆಗೆ ಬರುತ್ತೇನೆ. ಸ್ವಾಟ್‌ನ ಹರಿವಿನ ಅಂದಾಜು ಎರಡು ಬಗೆಯದು. ಒಂದು ಬರೀ ಉಪಗ್ರಹದ ಲೆಕ್ಕ, ಇನ್ನೊಂದು ನೆಲದ ಅಳತೆಯ ದಾಖಲೆ ನೋಡಿ ತಿದ್ದಿಕೊಂಡದ್ದು. ಆ ದಾಖಲೆ ಹುಟ್ಟುವುದು ನಿಮ್ಮದರಂಥ ಪಟ್ಟಿಗಳಲ್ಲಿ ಓದಿದ ನೀರಿನ ಎತ್ತರವನ್ನು ದೋಣಿಯವರ ಅಳತೆಗೆ ಹೊಂದಿಸಿದಾಗಲೇ. ಊರಿನ ನಾಲ್ಕು ಜನ ಸೇರಿ ಸಂಬಂಧಪಟ್ಟ ಕಚೇರಿಗೆ ಅರ್ಜಿ ಕೊಡಿ. ಮಳೆ ಹಿಡಿಯುವ ಮೊದಲು ಆ ಅಂಕಿಗಳಿಗೆ ಬಣ್ಣ ಬಳಿಸಿ.

-ಸಂ.