ಅಪ್ಪನಿಗೆ 68, ಈ ವಯಸ್ಸಿನಲ್ಲಿ ಕುಡಿತ ಬಿಡಿಸಬೇಕಾ?

ರಿಟೈರ್ ಆದಮೇಲೆ ಅಪ್ಪನಿಗೆ ದಿನಾ ರಾತ್ರಿ ಒಂದು ಕ್ವಾರ್ಟರ್ ಬೇಕೇ ಬೇಕು, 68 ವರ್ಷ, ಈಗ ಬಿಡಿಸಬೇಕಾ ಇಲ್ಲ ಸುಮ್ನೆ ಇದ್ದುಬಿಡೋದಾ ಅಂತ ಕೇಳಿದ್ದೀರಿ. ಬಿಡಿಸಿ. ಆದರೆ ಬಾಟಲಿ ಬಚ್ಚಿಟ್ಟು ನಾಳೆಯಿಂದ ಮನೆಯಲ್ಲೇ ನಿಲ್ಲಿಸೋಕೆ ಹೋಗಬೇಡಿ.

ನಾನು ಆಸ್ಪತ್ರೆಯಲ್ಲಿ ನರ್ಸ್. ಸೊಂಟದ ಮೂಳೆ ಮುರಿದುಕೊಂಡು ಒಬ್ಬರು ಅಜ್ಜ ನಮ್ಮ ವಾರ್ಡಿಗೆ ಬಂದಿದ್ದರು, ಬಸ್ ಕಂಡಕ್ಟರ್ ಆಗಿದ್ದವರು. ಕುಡಿಯುವ ವಿಷಯ ಮನೆಯವರು ಹೇಳಲಿಲ್ಲ, ಮರ್ಯಾದೆ ಪ್ರಶ್ನೆ ಅಲ್ವಾ. ಮೂರನೇ ರಾತ್ರಿ ಮೈಯೆಲ್ಲ ಬೆವರು, ಕೈ ನಡುಕ. ಡ್ರಿಪ್ ಕಿತ್ತು ಹಾಕಿ, ಬೆಡ್‌ಶೀಟ್ ಅಂಚನ್ನು ಟಿಕೆಟ್ ಹರಿಯುವ ಹಾಗೆ ಎಳೆಯುತ್ತಾ, "ಒಳಗೆ ಹೋಗ್ರೀ, ರೈಟ್ ರೈಟ್" ಅನ್ನುತ್ತಿದ್ದರು. ಮಗಳು ಗಾಳಿ ಸೋಕಿದೆ ಅಂತ ಅಳುತ್ತಿದ್ದಳು. ಅದು ಗಾಳಿಯಲ್ಲ, ಡೆಲಿರಿಯಮ್ ಟ್ರೆಮೆನ್ಸ್. ದಿನಾ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಎರಡರಿಂದ ನಾಲ್ಕು ದಿನದೊಳಗೆ ಬರಬಹುದು. ಅದಕ್ಕೂ ಮುಂಚೆಯೇ ಫಿಟ್ಸ್ ಬರಬಹುದು. ವಯಸ್ಸಾದವರಿಗೆ ಇದರಲ್ಲಿ ಜೀವಕ್ಕೇ ಅಪಾಯ.

ಆಸ್ಪತ್ರೆಯಲ್ಲಾದರೆ ನಡುಕ, ಫಿಟ್ಸ್ ತಡೆಯುವ ಲೊರಾಜೆಪಾಮ್ ಥರದ ಮಾತ್ರೆ ಕೊಟ್ಟು, ಅದರ ಡೋಸನ್ನು ದಿನದಿಂದ ದಿನಕ್ಕೆ ಕಮ್ಮಿ ಮಾಡುತ್ತಾರೆ. ಜೊತೆಗೆ ಥಯಾಮಿನ್, ಅಂದರೆ ಬಿ1 ಇಂಜೆಕ್ಷನ್, ಅದೂ ಗ್ಲೂಕೋಸ್ ಡ್ರಿಪ್‌ಗೆ ಮುಂಚೆ. ಬಿ1 ತೀರಾ ಕಮ್ಮಿಯಾದರೆ ನಡಿಗೆ ತೂರಾಡುತ್ತದೆ, ನೆನಪು ಹೋಗುತ್ತದೆ, ಮನೆಯವರು ವಯಸ್ಸಿನ ಮರೆವು ಅಂದುಕೊಂಡು ಸುಮ್ಮನಿರುತ್ತಾರೆ.

"ಮೊದಲಿಂದಲೂ ಅಷ್ಟೇ ಕುಡಿಯೋದು, ಜಾಸ್ತಿ ಏನಿಲ್ಲ" ಅಂತ ಅಪ್ಪ ಹೇಳಬಹುದು. ವಯಸ್ಸಾದಂತೆ ಮೈಯಲ್ಲಿ ನೀರಿನಂಶ ಇಳಿಯುತ್ತದೆ, ಹಾಗಾಗಿ ಅದೇ 180 ಎಂ.ಎಲ್. ಈಗ ರಕ್ತದಲ್ಲಿ ಜಾಸ್ತಿ ಏರುತ್ತದೆ. ಶುಗರ್ ಮಾತ್ರೆ ನುಂಗಿ, ಊಟ ಬಿಟ್ಟು ಕುಡಿದು ಮಲಗಿದರೆ ರಾತ್ರಿ ಶುಗರ್ ಕುಸಿಯಬಹುದು. ನಿದ್ದೆ ಮಾತ್ರೆಯನ್ನೂ ವಿಚಾರಿಸಿ. ಹಳೇ ಚೀಟಿ ತೋರಿಸಿ ಮೆಡಿಕಲ್‌ನಲ್ಲಿ ಅಲ್‌ಪ್ರಾಜೋಲಾಮ್ ತಗೊಳ್ಳುವ ಹಿರಿಯರು ಬಹಳ ಜನ. ಕುಡಿತವೂ ಈ ಮಾತ್ರೆಯೂ ಸೇರಿದರೆ ಉಸಿರಾಟಕ್ಕೇ ತೊಂದರೆ, ಆ ಮಾತ್ರೆಯನ್ನೂ ಒಮ್ಮೆಲೇ ನಿಲ್ಲಿಸುವ ಹಾಗಿಲ್ಲ. ದಯವಿಟ್ಟು ಎಲ್ಲ ಮಾತ್ರೆಗಳ ಸ್ಟ್ರಿಪ್ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ, ಎಷ್ಟು ಕುಡಿಯುತ್ತಾರೆ ಅನ್ನೋದನ್ನ ಮುಚ್ಚಿಡದೆ ಹೇಳಿ.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆ ಬೇರೆಯೇ ವಿಭಾಗ ಇದೆ, ಧಾರವಾಡದ ಕಡೆಯವರಾದರೆ ಡಿಮ್ಹಾನ್ಸ್. ಎಲ್ಲಿಂದ ಶುರು ಮಾಡಬೇಕು ಅಂತ ತಿಳಿಯದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ, ದಿನದ 24 ಗಂಟೆಯೂ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡಬಹುದು.

ಈ ವಯಸ್ಸಲ್ಲಿ ಏನು ಬದಲಾಗ್ತಾರೆ ಅಂತ ನೆಂಟರು ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಚಿಕಿತ್ಸೆಗೆ ಬಂದ ಹಿರಿಯರು ಹರೆಯದವರಷ್ಟೇ ಚೆನ್ನಾಗಿ ಸುಧಾರಿಸುತ್ತಾರೆ, ಎಷ್ಟೋ ಸಲ ಅವರಿಗಿಂತ ಚೆನ್ನಾಗಿ. ಅದರಲ್ಲೂ ನಿಮ್ಮ ಅಪ್ಪನದು ರಿಟೈರ್ ಆದಮೇಲೆ ಹತ್ತಿದ ಚಟ. ಸಂಜೆ ಏಳರ ಹೊತ್ತಿಗೆ ಅವರ ಜೊತೆ ಯಾರಿರುತ್ತಾರೆ, ಏನು ಮಾಡುತ್ತಾರೆ ಅನ್ನೋದನ್ನ ಮನೆಯವರೆಲ್ಲ ಕೂತು ಯೋಚಿಸಿ. ಆ ಹೊತ್ತು ಖಾಲಿ ಬಿಟ್ಟರೆ ಮಾತ್ರೆ ಒಂದರಿಂದಲೇ ಆಗಲ್ಲ.

ಇನ್ನೊಂದು. ಗೊತ್ತಾಗದ ಹಾಗೆ ಊಟಕ್ಕೆ ಬೆರೆಸಿ ಕುಡಿತ ಬಿಡಿಸುವ ಮಾತ್ರೆ, ಪುಡಿ ತರಬೇಡಿ. ಅದರಲ್ಲಿ ಡೈಸಲ್ಫಿರಾಮ್, ಅಂದರೆ ಕುಡಿದರೆ ಮೈಗೆ ಆಗದ ಹಾಗೆ ಮಾಡುವ ಔಷಧಿ ಇದ್ದು, ಅಪ್ಪ ಅದರ ಮೇಲೆ ಕುಡಿದರೆ ಬಿಪಿ ಕುಸಿದು ಹೃದಯಕ್ಕೇ ಹೊಡೆತ ಬೀಳಬಹುದು. ಈಗಾಗಲೇ ಹಾಕಿದ್ದರೆ ಯಾರೂ ಬೈಯಲ್ಲ, ಇವತ್ತೇ ನಿಲ್ಲಿಸಿ, ಆ ಡಬ್ಬಿಯನ್ನೂ ಡಾಕ್ಟರಿಗೆ ತೋರಿಸಿ.