ನೋಟಿಸ್ ಅಂಟಿಸಿದ ಮೇಲೂ ಮೋಲ್ಡ್ ಬೀಳುವುದೇಕೆ?

ಓದುಗರೊಬ್ಬರ ಪತ್ರದ ಸಾರ: "ಪಕ್ಕದ 30x40 ನಿವೇಶನದಲ್ಲಿ ನೆಲಮಹಡಿ ಮತ್ತು ಎರಡು ಮಹಡಿಗೆ ಪರವಾನಗಿ ಪಡೆದವರು ಈಗ ನಾಲ್ಕನೆಯ ಮಹಡಿಗೆ ಸೆಂಟ್ರಿಂಗ್ (ಮೋಲ್ಡ್, ಅಂದರೆ ತಾರಸಿಯ ಕಾಂಕ್ರೀಟ್, ಹಾಕಲು ಕಟ್ಟುವ ಹಲಗೆಯ ಆಸರೆ) ಹೊಡೆಯುತ್ತಿದ್ದಾರೆ. ನಮ್ಮ ಕಡೆ ಸೆಟ್‌ಬ್ಯಾಕ್ (ಗಡಿಯಿಂದ ಬಿಡಬೇಕಾದ ಖಾಲಿ ಜಾಗ) ಬಿಟ್ಟೇ ಇಲ್ಲ. ಪಾಲಿಕೆಗೆ ಮೂರು ಅರ್ಜಿ ಕೊಟ್ಟೆವು. ನೋಟಿಸ್ ಅಂಟಿಸಿ ಹೋದರು, ಕೆಲಸ ನಿಲ್ಲಲಿಲ್ಲ. ಕಾನೂನೇ ದುರ್ಬಲವಲ್ಲವೇ?"

ಸಂಪಾದಕರ ಉತ್ತರ:

ನಿಮ್ಮ ಸಿಟ್ಟು ನ್ಯಾಯವಾದದ್ದು, ಆದರೆ ಕಾನೂನು ದುರ್ಬಲ ಎಂಬ ಮಾತನ್ನು ನಾವು ಒಪ್ಪುವುದಿಲ್ಲ. ಕೈತಪ್ಪುತ್ತಿರುವುದು ಸಮಯ. ಸೆಟ್‌ಬ್ಯಾಕ್ ಬಿಡುತ್ತಾರೋ ಇಲ್ಲವೋ ಎಂಬುದು ಪಾಯ ತೋಡಿ ಪಿಲ್ಲರ್ ನಿಲ್ಲಿಸುವಾಗಲೇ ಗೊತ್ತಾಗುತ್ತದೆ. ಆ ದಿನ ವಾರ್ಡ್ ಎಂಜಿನಿಯರ್ ಟೇಪು ಹಿಡಿದು ಬಂದಿದ್ದರೆ ಒಂದೆರಡು ಪಿಲ್ಲರ್ ಸರಿಸಿದರೆ ಸಾಕಿತ್ತು. ಈಗ ಮೂರು ಮಹಡಿ ಎದ್ದಿದೆ. ಇನ್ನು ಬಾಡಿಗೆಯವರು ಬಂದು ಕೂತರಂತೂ ಕೆಡವುವ ಧೈರ್ಯ ಯಾರಿಗೂ ಇರುವುದಿಲ್ಲ. ನಕ್ಷೆ ಮಂಜೂರು ಮಾಡುವುದು ನಗರ ಯೋಜನಾ ಶಾಖೆ, ಜಾಗ ನೋಡಬೇಕಾದವರು ವಾರ್ಡ್ ಎಂಜಿನಿಯರ್. ಇವರಿಬ್ಬರ ನಡುವೆ ಕಾಗದ ಓಡಾಡದಿದ್ದರೆ ಯಾವ ಮನೆಗೆ ಎಷ್ಟು ಮಹಡಿ ಎಂಬುದೇ ಎಂಜಿನಿಯರಿಗೆ ಗೊತ್ತಿರುವುದಿಲ್ಲ. ಪ್ರತಿ ವಾರ್ಡಿಗೂ ಚಾಲ್ತಿ ಪರವಾನಗಿಗಳ ಒಂದು ರಿಜಿಸ್ಟರ್ ಬೇಕು. ಪಾಯದ ಹಂತದಲ್ಲೊಮ್ಮೆ, ಪ್ರತಿ ಸ್ಲ್ಯಾಬಿಗೆ ಮೊದಲೊಮ್ಮೆ ನಾಲ್ಕೂ ಬದಿಯ ಅಳತೆ, ದಿನಾಂಕವಿರುವ ಫೋಟೋ ಮತ್ತು ಸಹಿ ಅದರಲ್ಲಿ ಸೇರಬೇಕು. ಪಾಲಿಕೆ ಇದೊಂದನ್ನು ಮಾಡಿದರೂ ಅರ್ಧ ದೂರುಗಳು ಹುಟ್ಟುವುದೇ ಇಲ್ಲ ಎಂಬುದು ನಮ್ಮ ಖಚಿತ ಅಭಿಪ್ರಾಯ.

ಇನ್ನು ನೋಟಿಸಿನ ವಿಷಯ. ಕರ್ನಾಟಕ ಪೌರನಿಗಮಗಳ ಕಾಯ್ದೆ, 1976ರ 321ನೇ ಕಲಮಿನಂತೆ ಆಯುಕ್ತರು ಮೊದಲು ತಾತ್ಕಾಲಿಕ ಆದೇಶ ಹೊರಡಿಸಬೇಕು. ಅದರ ಜೊತೆಗೇ ಕಾರಣ ಕೇಳುವ ನೋಟಿಸ್ ಹೋಗಬೇಕು. ಉತ್ತರ ಬಂದ ಮೇಲೆ, ಅಥವಾ ಬಾರದಿದ್ದರೆ ಗಡುವು ಮುಗಿದ ಮೇಲೆ, ದೃಢೀಕರಣ ಆದೇಶ. ಬಹಳಷ್ಟು ಕಡತಗಳು ಎರಡನೆಯ ಹೆಜ್ಜೆಯಲ್ಲೇ ಮಲಗುತ್ತವೆ, ಅಂಟಿಸಿದ ಕಾಗದ ಮಳೆಗೆ ಹರಿದು ಹೋಗುತ್ತದೆ. ಮೂರನೆಯದಕ್ಕೆ ಹೋದವೂ ಮೇಲ್ಮನವಿಯಲ್ಲಿ ಬೀಳುತ್ತವೆ. ನೋಟಿಸ್ ತೀರಿಹೋದ ಖಾತೆದಾರರ ಹೆಸರಿಗೆ ಹೋಗಿರುತ್ತದೆ. "ನಕ್ಷೆ ಉಲ್ಲಂಘನೆ" ಎಂದಷ್ಟೇ ಬರೆದಿರುತ್ತಾರೆ, ಯಾವ ಬದಿಯಲ್ಲಿ ಎಷ್ಟು ಅಡಿ ಎಂಬ ಅಳತೆಯಿಲ್ಲ, ಮಹಜರಿಲ್ಲ. ಮಾಲೀಕರ ಉತ್ತರವನ್ನು ಏಕೆ ಒಪ್ಪಲಿಲ್ಲ ಎಂದು ಆದೇಶದಲ್ಲಿ ಒಂದು ಸಾಲೂ ಇರುವುದಿಲ್ಲ. ಅಂಥ ಆದೇಶವನ್ನು ಯಾವ ನ್ಯಾಯಾಧೀಶರೂ ಎತ್ತಿಹಿಡಿಯಲಾರರು.

2024ರ ನವೆಂಬರ್ 13ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಕೈಕಟ್ಟಿ ಹೋಗಿದೆ ಎಂದು ಹೇಳುವ ಅಧಿಕಾರಿಗಳಿದ್ದಾರೆ. ಆ ತೀರ್ಪು ಹೇಳುವುದು ಕೆಡವುವ ಬಗ್ಗೆ: 15 ದಿನದ ನೋಟಿಸ್, ಖುದ್ದು ವಿಚಾರಣೆ, ಅಂತಿಮ ಆದೇಶದ ಮೇಲೆ ಮತ್ತೆ 15 ದಿನ, ಕೆಡವುವಾಗ ವಿಡಿಯೊ. ಇದು ಸರಿಯಾದ ರಕ್ಷಣೆಯೇ. ಆದರೆ ಕೆಲಸ ನಿಲ್ಲಿಸಲು 15 ದಿನ ಕಾಯಬೇಕಿಲ್ಲ. 321ರ ತಾತ್ಕಾಲಿಕ ಆದೇಶದಲ್ಲೇ "ಕಾಮಗಾರಿ ಮುಂದುವರಿಸಕೂಡದು" ಎಂದು ನಿರ್ದೇಶಿಸುವ ಅಧಿಕಾರ ಆಯುಕ್ತರಿಗಿದೆ. ನಿಮ್ಮ ಅರ್ಜಿಯಲ್ಲಿ ಕೇಳಬೇಕಾದದ್ದು ಈ ಸಾಲನ್ನು. "ಕೆಡವಿಸಿ" ಎಂದು ಬರೆದರೆ ಕಡತ ದೊಡ್ಡದಾಗುತ್ತದೆ, ಅಷ್ಟರಲ್ಲಿ ಮೋಲ್ಡ್ ಬಿದ್ದಿರುತ್ತದೆ.

2024ರ ಡಿಸೆಂಬರ್ 17ರ ಇನ್ನೊಂದು ತೀರ್ಪು ನಿಮಗೆ ಹೆಚ್ಚು ಉಪಯೋಗ. ಮೀರತ್‌ನ ಪ್ರಕರಣವದು, ನಿರ್ದೇಶನಗಳು ದೇಶಕ್ಕೆಲ್ಲ. ಮಂಜೂರಾದ ನಕ್ಷೆಯನ್ನು ಕಾಮಗಾರಿ ಮುಗಿಯುವ ತನಕ ಜಾಗದಲ್ಲೇ ಪ್ರದರ್ಶಿಸಬೇಕು, ಅಧಿಕಾರಿಗಳು ಆಗಾಗ ಪರಿಶೀಲಿಸಿ ದಾಖಲಿಸಬೇಕು, ಮುಕ್ತಾಯ ಅಥವಾ ಸ್ವಾಧೀನಾನುಭವ (ವಾಸಕ್ಕೆ ಅನುಮತಿ ಕೊಡುವ) ಪತ್ರವಿಲ್ಲದೆ ಕಾಯಂ ವಿದ್ಯುತ್, ನೀರು, ಒಳಚರಂಡಿ ಸಂಪರ್ಕ ಕೊಡಬಾರದು. ನೋಟಿಸಿಗೆ ಹೆದರದ ಗುತ್ತಿಗೆದಾರ ಮೀಟರ್ ಸಿಗದು ಎಂದರೆ ಮೇಸ್ತ್ರಿಯನ್ನು ನಿಲ್ಲಿಸುತ್ತಾನೆ. ಹಾಗಾಗಿ ಅರ್ಜಿಯ ಒಂದು ಪ್ರತಿ ವಿದ್ಯುತ್ ಕಂಪನಿಯ ಉಪವಿಭಾಗಕ್ಕೂ ಹೋಗಲಿ. "ಮುಂದೆ ಅಕ್ರಮ-ಸಕ್ರಮದಲ್ಲಿ ಸರಿಯಾಗುತ್ತೆ" ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಆ ಯೋಜನೆ 2013ರ ಅಕ್ಟೋಬರ್ 19ಕ್ಕೆ ಹಿಂದಿನ ಕಟ್ಟಡಗಳಿಗೆಂದು ರೂಪಿಸಿದ್ದು, ಅದಕ್ಕೂ 2017ರಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು.

ಸೆಂಟ್ರಿಂಗ್ ಮೇಲೆ ಕಬ್ಬಿಣ ಕಟ್ಟುತ್ತಿರುವಾಗಲೇ, ಅಂದರೆ ಈ ವಾರವೇ, ಹೋಗಿ. ಅರ್ಜಿ ಆಯುಕ್ತರ ಹೆಸರಿಗಿರಲಿ. ನಿವೇಶನದ ಸಂಖ್ಯೆ, ಎದ್ದಿರುವ ಮಹಡಿಗಳು, ನಿಮ್ಮ ಗೋಡೆಯಿಂದ ಅವರ ಗೋಡೆಗೆ ಇರುವ ಅಂತರ ಅಡಿ-ಅಂಗುಲದಲ್ಲಿ, ದಿನಾಂಕವಿರುವ ನಾಲ್ಕು ಫೋಟೋ ಸಾಕು. ಮಾಲೀಕರ ನಡತೆಯ ಬಗ್ಗೆ ಒಂದಕ್ಷರವೂ ಬೇಡ, ಅದು ನಿಮ್ಮ ದೂರನ್ನು ನೆರೆಹೊರೆ ಜಗಳವಾಗಿಸುತ್ತದೆ. ಟಪಾಲು ವಿಭಾಗದಲ್ಲಿ ಕೊಟ್ಟು ಸ್ವೀಕೃತಿ ಸಂಖ್ಯೆ ಪಡೆಯಿರಿ. ತಡೆಯಲು ವಿಫಲರಾದ ಅಧಿಕಾರಿಯ ಮೇಲೇ ಕ್ರಮಕ್ಕೆ 321ಬಿ ಕಲಂ ಇದೆ ಎಂಬುದನ್ನು ಕೊನೆಯಲ್ಲಿ ವಿನಯದಿಂದ ನೆನಪಿಸಿ. ಮಾಲೀಕರು ಸಿವಿಲ್ ಕೋರ್ಟಿಗೆ ಓಡುವ ಸೂಚನೆಯಿದ್ದರೆ ಪಾಲಿಕೆಯ ವಕೀಲರು ಮೊದಲೇ ಕೇವಿಯಟ್ (ನಮ್ಮ ಮಾತು ಕೇಳದೆ ಆದೇಶ ಕೊಡಬೇಡಿ ಎಂದು ಕೋರ್ಟಿಗೆ ಮುಂಚೆಯೇ ಕೊಡುವ ಅರ್ಜಿ) ಹಾಕಲಿ ಎಂದೂ ಕೇಳಿ. ಅದು 90 ದಿನ ಜೀವಂತ.

ಹದಿನೈದು ದಿನ ಬಿಟ್ಟು ಮಾಹಿತಿ ಹಕ್ಕಿನ ಅರ್ಜಿ ಹಾಕಿ: ಶುಲ್ಕ 10 ರೂಪಾಯಿ, ಒಂದೇ ವಿಷಯ, ನಮ್ಮ ರಾಜ್ಯದ ನಿಯಮದಂತೆ 150 ಪದದೊಳಗೆ. ನಕ್ಷೆಯ ಪ್ರತಿ ಕೇಳಿದರೆ "ಮೂರನೆಯವರ ಮಾಹಿತಿ" ಎಂದು ತಳ್ಳಿಹಾಕುವುದುಂಟು. ಅದರ ಬದಲು ನಿಮ್ಮ ಸ್ವೀಕೃತಿ ಸಂಖ್ಯೆ ಬರೆದು, ಆ ಕಡತದ ಟಿಪ್ಪಣಿ ಹಾಳೆಗಳನ್ನೂ ತಾತ್ಕಾಲಿಕ ಆದೇಶದ ಪ್ರತಿಯನ್ನೂ ಕೇಳಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ಮೊದಲ ಮೇಲ್ಮನವಿ ಸಲ್ಲಿಸಿ.