ಕಾಡು ಉಳಿಸಲು ಜನರನ್ನು ಓಡಿಸಬೇಕೇ?

ಶಿರಸಿಯ ಓದುಗರೊಬ್ಬರು ಕೇಳಿದ್ದಾರೆ: "ಅಮೆರಿಕದವರು 1872ರಲ್ಲೇ ಯೆಲ್ಲೋಸ್ಟೋನನ್ನು ರಾಷ್ಟ್ರೀಯ ಉದ್ಯಾನ ಮಾಡಿದರು. ಮನುಷ್ಯರನ್ನು ದೂರ ಇಟ್ಟಿದ್ದಕ್ಕೇ ಅಲ್ಲಿ ಕಾಡು ಉಳಿಯಿತು. ನಾವೂ ಹಾಗೇ ಮಾಡಬಾರದೇಕೆ?"

ನಿಮ್ಮ ಕಾಳಜಿ ನನಗೂ ಇದೆ. ಆದರೆ 'ದೂರ ಇಟ್ಟಿದ್ದಕ್ಕೇ' ಎಂಬ ಮಾತನ್ನು ಒಪ್ಪಲಾರೆ. ಕ್ಯಾಲಿಫೋರ್ನಿಯಾದ ಯೊಸೆಮಿಟಿ ಕಣಿವೆಯನ್ನೇ ನೋಡಿ. 1851ರಲ್ಲಿ ಬಿಳಿಯರ ಪಡೆಯೊಂದು ಅಲ್ಲಿಗೆ ನುಗ್ಗಿದಾಗ ಅಹ್ವಾನೀಚಿ ಎಂಬ ಮೂಲನಿವಾಸಿ ಜನರ ಊರುಗಳಿದ್ದವು. ಪಡೆ ಗುಡಿಸಲುಗಳ ಜೊತೆ ಕೂಡಿಟ್ಟ ಓಕ್ ಕಾಯಿಗಳನ್ನೂ ಸುಟ್ಟಿತು. ಅದೇ ಅವರ ಮುಖ್ಯ ಆಹಾರ. ಹೊಟ್ಟೆಗಿಲ್ಲದಂತೆ ಮಾಡಿ ಓಡಿಸುವ ಲೆಕ್ಕಾಚಾರ. 1864ರಲ್ಲಿ ಅಧ್ಯಕ್ಷ ಲಿಂಕನ್ ಸಹಿ ಬಿದ್ದು ಕಣಿವೆಗೆ ರಕ್ಷಣೆ ಸಿಕ್ಕಿತು. ಮರಳಿ ಬಂದ ಕೆಲವರು ಅಲ್ಲಿನ ಹೋಟೆಲುಗಳಲ್ಲಿ ದುಡಿದು ಬದುಕಿದರು. ಅವರ ಕೊನೆಯ ಊರನ್ನು ಉದ್ಯಾನದವರೇ 1969ರಲ್ಲಿ ಕೆಡವಿದರು.

ಕಣಿವೆ ನೋಡಲು ಬಂದವರೆಲ್ಲ ಹೊಗಳಿದ್ದು ಅಲ್ಲಿನ ಹುಲ್ಲು ಬಯಲನ್ನು, ಬಿಡಿಬಿಡಿಯಾಗಿ ನಿಂತ ಓಕ್ ಮರಗಳನ್ನು. ಅದು ಸುಮ್ನೆ ಆದದ್ದಲ್ಲ. ಅಹ್ವಾನೀಚಿ ಜನ ಆಗಾಗ ನೆಲಕ್ಕೆ ಸಣ್ಣ ಬೆಂಕಿ ಹಾಕುತ್ತಿದ್ದರು. ತರಗು, ಪೊದೆ ಸುಡುತ್ತಿತ್ತು, ದೊಡ್ಡ ಮರ ಉಳಿಯುತ್ತಿತ್ತು. ಓಕಿಗೆ ಬೆಳಕು ಸಿಗುತ್ತಿತ್ತು, ಬುಟ್ಟಿ ಹೆಣೆಯಲು ನೇರವಾದ ಚಿಗುರು ಬರುತ್ತಿತ್ತು. ಹೀಗೆ ಬೆಂಕಿ ಹಾಕುವುದು ಅಪರಾಧ ಎಂದು ಕ್ಯಾಲಿಫೋರ್ನಿಯಾ 1850ರಲ್ಲೇ ಕಾನೂನು ಮಾಡಿತ್ತು. 1910ರ ಕಾಳ್ಗಿಚ್ಚಿನಲ್ಲಿ ಇಡಾಹೊ, ಮೊಂಟಾನಾ ಕಡೆ ಸುಮಾರು 30 ಲಕ್ಷ ಎಕರೆ ಸುಟ್ಟ ಮೇಲಂತೂ ಅರಣ್ಯ ಇಲಾಖೆಗೆ ಬೆಂಕಿ ಎಂದರೆ ಶತ್ರು. ಎಲ್ಲೇ ಹೊತ್ತಿದರೂ ಮರುದಿನ ಬೆಳಿಗ್ಗೆ 10ರೊಳಗೆ ಆರಿಸಬೇಕು ಎಂದು 1935ರಲ್ಲಿ ನಿಯಮವೇ ಬಂತು.

ಪೆಟ್ಟು ಬಿದ್ದದ್ದು ಕಾಡಿಗೆ. ಕ್ಯಾಲಿಫೋರ್ನಿಯಾದ ಬೆಟ್ಟಗಳಲ್ಲಿ ಬೆಳೆಯುವ ದೈತ್ಯ ಸಿಕೋಯಾ ಮರದ ಕಾಯಿ ಬಿಸಿ ತಾಗಿದರೆ ಚೆನ್ನಾಗಿ ಬಿರಿಯುತ್ತದೆ. ಬೀಜ ಮೊಳೆಯಲು ತರಗಿಲ್ಲದ ಬರಿ ಮಣ್ಣು ಬೇಕು. ಬೆಂಕಿ ನಿಂತಿತು, ಹೊಸ ಸಸಿಗಳು ಅಪರೂಪವಾದವು. 1968ರಲ್ಲಿ ಉದ್ಯಾನ ಇಲಾಖೆ ಬೆಂಕಿಗೂ ಜಾಗ ಕೊಡುವಂತೆ ನೀತಿ ಬದಲಿಸಿತು. ಅಷ್ಟರಲ್ಲಿ ಕಾಡಿನ ತುಂಬ ಸೌದೆ ಕೂಡಿತ್ತು. 2020ರ ಒಂದೇ ಕಾಳ್ಗಿಚ್ಚಿನಲ್ಲಿ ಸಾವಿರಾರು ದೊಡ್ಡ ಸಿಕೋಯಾಗಳು ಸತ್ತವು. ಬರ, ಏರುತ್ತಿರುವ ತಾಪವೂ ಇದಕ್ಕೆ ಸೇರಿಕೊಂಡಿತ್ತು, ನಿಜ. ಆದರೂ ಸಾವಿರಾರು ವರ್ಷ ಬೆಂಕಿಯ ಜೊತೆಗೇ ಬಾಳಿದ ಮರಗಳವು.

ನಮ್ಮ ಬಿಳಿಗಿರಿರಂಗನ ಬೆಟ್ಟದ ಸೋಲಿಗರೂ 'ತರಗು ಬೆಂಕಿ' ಹಾಕುತ್ತಿದ್ದರು, ಅಲ್ವಾ? 1974ರಲ್ಲಿ ಅಭಯಾರಣ್ಯವಾದ ಮೇಲೆ ಅದು ನಿಂತಿತು. ಲಂಟಾನ ಕಳೆ ಇಷ್ಟು ಜಾಸ್ತಿ ಹಬ್ಬಲು ಇದೂ ಕಾರಣ ಎಂದು ಅವರು ಹೇಳುತ್ತಲೇ ಬಂದಿದ್ದಾರೆ. ಗಣಿ, ಮರದ ವ್ಯಾಪಾರ, ರೆಸಾರ್ಟುಗಳನ್ನು ಕಾಡಿನಿಂದ ದೂರ ಇಡಬೇಕೆಂದರೆ ನಾನು ನಿಮ್ಮ ಜೊತೆಗಿದ್ದೇನೆ. ಆ ಪಟ್ಟಿಗೆ ಸೋಲಿಗರನ್ನು ಮಾತ್ರ ಸೇರಿಸಬೇಡಿ.

– ಸಂಪಾದಕ